ಅಕ್ಷರಲೋಕದ ಈಶ್ವರರು

ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ಎರಡನೆಯ ಪಾದವು ಸ್ವಪ್ನವಿಚಾರದಿಂದ ಮೊದಲಾಗುತ್ತದೆ. ಕನಸಿನಲ್ಲಿ ಕಾಣುವ ರಥವನ್ನೂ ಕುದುರೆಯನ್ನೂ ಹಾದಿಯನ್ನೂ ಸೃಷ್ಟಿಸುವವನು ಯಾರು, ಆ ಸೃಷ್ಟಿ ಸತ್ಯವೋ ಮಾಯಾಮಾತ್ರವೋ ಎಂಬ ಪ್ರಶ್ನೆಯನ್ನು ಹಿಡಿದು ಮೂವರು ಆಚಾರ್ಯರೂ ಮೂರು ಬಗೆಯಾಗಿ ಭಾಷ್ಯ ಬರೆದಿದ್ದಾರೆ. ಆ ವಾದಗಳನ್ನು ಓದುವಾಗ ನನಗೆ ಒಂದು ಅತೃಪ್ತಿ ತೋರುವುದುಂಟು: ಕನಸೆಂಬುದು ಒಬ್ಬನದೇ ಸೊತ್ತು, ಅದಕ್ಕೆ ಎರಡನೆಯ ಸಾಕ್ಷಿಯಿಲ್ಲ. ಒಂದೇ ಕನಸನ್ನು ನೂರು ಮಂದಿ ಏಕಕಾಲದಲ್ಲಿ, ಅದೂ ಎಚ್ಚತ್ತಿದ್ದುಕೊಂಡೇ, ಕಾಣುವಂತಾದರೆ, ನಿನ್ನೆ ಬಿಟ್ಟಲ್ಲಿಂದ ಇಂದು ಅದು ಮುಂದುವರಿಯುವಂತಾದರೆ, ಅದರೊಳಗೆ ಒಬ್ಬನು ಇನ್ನೊಬ್ಬನಿಗೆ ಮಾಡಿದ ಉಪಕಾರ ಅಪಕಾರಗಳು ಇಬ್ಬರ ನೆನಪಿನಲ್ಲಿಯೂ ನಿಲ್ಲುವಂತಾದರೆ, ಅಷ್ಟೂ ಸಾಲದೆಂಬಂತೆ ಬಾಗಿಲಲ್ಲಿ ಒಬ್ಬನು ಕುಳಿತು ಹಣವನ್ನೂ ವಸೂಲುಮಾಡುವಂತಾದರೆ, ಆಗ ಆಚಾರ್ಯರು ಏನೆನ್ನುತ್ತಿದ್ದರು? ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಅಂಥ ಕನಸೊಂದು 1978ರಿಂದ ನಡೆದುಬರುತ್ತಿದೆ.

ಆ ವರ್ಷದ ಶರತ್ಕಾಲದಲ್ಲಿ, ಇಂಗ್ಲೆಂಡಿನ ಕೋಲ್ಚೆಸ್ಟರ್ ಪಟ್ಟಣದ ಬಳಿಯಿರುವ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ, ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ಅಲ್ಲಿನ ದೊಡ್ಡ ಕಂಪ್ಯೂಟರಿನ ಮೇಲೆ ಹಲವರು ಒಟ್ಟಿಗೆ ಆಡಬಹುದಾದ ಒಂದು ಸಾಹಸದ ಆಟವನ್ನು ಕಟ್ಟತೊಡಗಿದರು. 1980ರಲ್ಲಿ ಅದರ ಭಾರ ರಿಚರ್ಡ್ ಬಾರ್ಟಲ್ ಎಂಬ ಇನ್ನೊಬ್ಬ ವಿದ್ಯಾರ್ಥಿಯ ಹೆಗಲಿಗೆ ಬಂದು, ಅವರ ಕೈಯಲ್ಲಿ ಅದು ಬೆಳೆಯಿತು. ಅದರ ಹೆಸರು ‘ಮಡ್’. ಮುಂದೆ ಆ ಹೆಸರೇ ಈ ಜಾತಿಯ ಆಟಗಳಿಗೆಲ್ಲ ನಿಂತಿತು. ಚಿತ್ರವಿಲ್ಲ, ಸದ್ದಿಲ್ಲ, ಪರದೆಯ ಮೇಲೆ ಅಕ್ಷರಗಳು ಮಾತ್ರ. ಒಳಹೊಕ್ಕವನಿಗೆ ತಾನು ನಿಂತಿರುವ ಸ್ಥಳದ ವರ್ಣನೆ ನಾಲ್ಕಾರು ವಾಕ್ಯಗಳಲ್ಲಿ ಕಾಣುತ್ತದೆ. ಉತ್ತರಕ್ಕೆ ಹೋಗಬೇಕೆಂದು ಕೀಲಿಮಣೆಯಲ್ಲಿ ಒತ್ತಿದರೆ ಬೇರೊಂದು ಸ್ಥಳದ ವರ್ಣನೆ ಬರುತ್ತದೆ. ಅಲ್ಲಿ ಇನ್ನೊಬ್ಬನು ನಿಂತಿದ್ದರೆ ಅವನ ಹೆಸರೂ ಕಾಣುತ್ತದೆ, ಮತ್ತು ಆ ಇನ್ನೊಬ್ಬನು ಯಂತ್ರವಲ್ಲ, ಎಲ್ಲಿಯೋ ಬೇರೊಂದು ಕೀಲಿಮಣೆಯ ಮುಂದೆ ಕುಳಿತ ನಿಜವಾದ ಮನುಷ್ಯ. ವಿಶ್ವವಿದ್ಯಾನಿಲಯದ ಕೆಲಸಕ್ಕೆ ಅಡ್ಡಿಬಾರದಂತೆ ಹೊರಗಿನವರಿಗೆ ಊರೆಲ್ಲ ಮಲಗಿದ ಸರಿಹೊತ್ತಿನಲ್ಲಿ ಮಾತ್ರ ಪ್ರವೇಶವಿತ್ತು; ಸ್ವಪ್ನಕಾಲದಲ್ಲಿಯೇ ಸ್ವಪ್ನಲೋಕದ ಬಾಗಿಲು ತೆರೆಯುತ್ತಿದ್ದುದು ಆಡಳಿತದವರ ಲೆಕ್ಕಾಚಾರವೇ ಹೊರತು ಯಾರ ಕಾವ್ಯಕಲ್ಪನೆಯೂ ಅಲ್ಲ.

ಈ ಲೋಕದಲ್ಲಿ ನಿಧಿಗಳನ್ನು ಹುಡುಕಿ ತಂದು ಒಂದು ಕೆಸರಹೊಂಡದಲ್ಲಿ ಎಸೆಯಬೇಕು. ಎಸೆದಷ್ಟೂ ಅಂಕಗಳು ಏರುತ್ತವೆ. (ಸಂಪತ್ತನ್ನು ಕೆಸರಿಗೆಸೆದು ಪುಣ್ಯವನ್ನು ಗಳಿಸುವ ಈ ಕ್ರಮವನ್ನು ನಮ್ಮ ವಿರಕ್ತರು ಕಂಡಿದ್ದರೆ ಮೆಚ್ಚುತ್ತಿದ್ದರೋ ನಗುತ್ತಿದ್ದರೋ ಹೇಳಬರುವಂತಿಲ್ಲ.) ನಿಧಿಗಳೆಲ್ಲ ತೀರಿದ ಮೇಲೆ ಆ ಲೋಕ ಮರಳಿ ತನ್ನ ಆದಿಸ್ಥಿತಿಗೆ ಬರುತ್ತದೆ: ತೆರೆದ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ, ಸತ್ತ ಭೂತಗಳು ಎದ್ದು ಕೂರುತ್ತವೆ, ಕೆಸರಿನಲ್ಲಿ ಮುಳುಗಿದ ಕಿರೀಟ ತನ್ನ ಹಳೆಯ ಪೆಟ್ಟಿಗೆಯೊಳಗೆ ಸೇರುತ್ತದೆ. ಆಟಗಾರನ ಅಂಕಗಳು ಮಾತ್ರ ಅಳಿಯುವುದಿಲ್ಲ. ಪ್ರಳಯದಲ್ಲಿ ಜಗತ್ತು ಲಯವಾದರೂ ಜೀವರ ಕರ್ಮಶೇಷವು ಉಳಿದು ಮುಂದಿನ ಕಲ್ಪಕ್ಕೆ ಬೀಜವಾಗುತ್ತದೆಂದು ನಮ್ಮವರು ಹೇಳುವುದನ್ನು ಆ ತರುಣರು ಪ್ರಾಯಃ ಕೇಳಿರಲಾರರು. ಆದರೂ ಒಂದು ಲೋಕವನ್ನು ನಿಯಮದಿಂದ ನಡೆಯಿಸಬೇಕೆಂದು ಹೊರಟವನು ಅನಿವಾರ್ಯವಾಗಿ ಅದೇ ಏರ್ಪಾಟಿಗೆ ಬಂದು ಮುಟ್ಟಿದನೆಂಬುದು ಯೋಚಿಸತಕ್ಕ ಸಂಗತಿ.

ಕಣ್ಣು ಕೋರೈಸುವ ಚಿತ್ರಗಳುಳ್ಳ ಆಟಗಳು ಬಂದ ತರುವಾಯವೂ ಈ ಬರಿಯ ಮಾತಿನ ಆಟ ಅಳಿಯದೆ ಉಳಿದುದೇಕೆ ಎಂಬ ಪ್ರಶ್ನೆಗೆ, ನಮ್ಮ ಕರಾವಳಿಯ ತಾಳಮದ್ದಲೆಯನ್ನು ಕೇಳಿ ಬೆಳೆದವರು ಸುಲಭವಾಗಿ ಉತ್ತರ ಹೇಳಬಲ್ಲರು. ಅಲ್ಲಿಯೂ ಯಕ್ಷಗಾನದ ಪ್ರಸಂಗವೇ, ಭಾಗವತರ ಪದವೇ, ಚೆಂಡೆ ಮದ್ದಲೆಗಳೇ. ಆದರೆ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆಯುಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿಯು ಎದುರಿನವನ ಮಾತಿಗೆ ಆ ಕ್ಷಣದಲ್ಲಿ ಹುಟ್ಟಿದ ಮಾತನ್ನು ಎದುರಿಟ್ಟು ಕರ್ಣನಾಗುತ್ತಾನೆ, ವಾಲಿಯಾಗುತ್ತಾನೆ. ಕೇಳುವವನು ಕಿರೀಟವನ್ನು ತಾನೇ ತೊಡಿಸಿಕೊಳ್ಳುತ್ತಾನೆ. ವೇಷ ಕಣ್ಣಿಗೆ ಕಂಡರೆ ಒಂದೇ ವೇಷ. ಕಾಣದಿದ್ದರೆ ಕೇಳುವವರೆಷ್ಟೋ ಅಷ್ಟು ವೇಷಗಳು. ಮಡ್ಡಿನ ಆಟಗಾರನೂ ಹೀಗೆಯೇ ಮಾತಿನಿಂದ ರೂಪವನ್ನು ಪಡೆಯುತ್ತಾನೆ, ಮತ್ತು ಎದುರಿನವನು ಏನು ಹೇಳಿಯಾನೆಂಬ ಅನಿಶ್ಚಯದಲ್ಲಿಯೇ ಅವನ ಆಟದ ರಸವಿದೆ. ದೃಷ್ಟಿಯಿಲ್ಲದವರು ಈ ಆಟಗಳನ್ನು ಪ್ರೀತಿಯಿಂದ ಆಶ್ರಯಿಸಿರುವುದಕ್ಕೂ ಇದೇ ಕಾರಣ. ಪರದೆಯ ಅಕ್ಷರಗಳನ್ನು ಓದಿಹೇಳುವ ಸಾಧನ ಕಂಪ್ಯೂಟರಿನಲ್ಲಿದ್ದರೆ ಸಾಕು. ‘ಆಲ್ಟರ್ ಈಯಾನ್’ ಎಂಬ ಆಟದಲ್ಲಿ ಅಂಥ ಆಟಗಾರರು ಬಹು ಸಂಖ್ಯೆಯಲ್ಲಿದ್ದಾರೆ. ಗವಿಯ ಕತ್ತಲು ಅಲ್ಲಿ ಎಲ್ಲರಿಗೂ ಸಮಾನ. ಕಣ್ಣುಳ್ಳವನಿಗೆ ಅಲ್ಲಿ ಯಾವ ಹೆಚ್ಚಳವೂ ಇಲ್ಲ.

ಬಾರ್ಟಲ್ ಅವರು 1996ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಆಟಗಾರರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾರೆ: ಸಾಧನೆಯನ್ನು ಬಯಸುವವರು, ಲೋಕದ ಮೂಲೆಮೂಲೆಗಳನ್ನು ಅರಿಯಬಯಸುವವರು, ಸ್ನೇಹಸಲ್ಲಾಪವನ್ನು ಬಯಸುವವರು, ಮತ್ತು ಇತರರನ್ನು ಕೊಂದು ಕಾಡಿ ಸಂತೋಷಪಡುವವರು. ಗೀತೆಯ ಚತುರ್ವಿಧ ಭಕ್ತರ ನೆನಪು ಬಾರದಿರದು. ಅರ್ಥಾರ್ಥಿಯೂ ಜಿಜ್ಞಾಸುವೂ ಇಲ್ಲಿಯೂ ಇದ್ದಾರೆ. ಕೊಲ್ಲುವವನಿಗೆ ಮಾತ್ರ ಗೀತೆಯ ಪಟ್ಟಿಯಲ್ಲಿ ಎಡೆಯಿಲ್ಲ. ಪುರಾಣಗಳಲ್ಲಿ ಉಂಟು.

ಪುರಾಣಗಳ ಮಾತು ಬಂದುದರಿಂದ ಪದವಿಯ ಮಾತನ್ನೂ ಹೇಳಬೇಕು. ಎಸೆಕ್ಸಿನ ಆಟದಲ್ಲಿ ಸಾಕಷ್ಟು ಅಂಕಗಳನ್ನು ಕೂಡಿಸಿದವನು ‘ವಿಜಾರ್ಡ್’, ಎಂದರೆ ಮಂತ್ರವಾದಿ ಎನ್ನಿಸಿಕೊಂಡು, ಸಾವಿನ ಭಯದಿಂದ ಪಾರಾಗಿ, ಇತರರ ಮೇಲೆ ಅಧಿಕಾರವನ್ನು ಪಡೆಯುತ್ತಿದ್ದನು. ಮುಂದೆ 1990ರ ದಶಕದ ಆಟಗಳಲ್ಲಿ ‘ಅಮರ’ರೆಂದೂ ‘ದೇವ’ರೆಂದೂ ಕರೆಯಿಸಿಕೊಳ್ಳುವ ಅಧಿಕಾರಿಗಳು ಬಂದರು. ಸೆಮಿಟಿಕ್ ಮತಗಳ ಒಬ್ಬನೇ ದೇವರಿಗೆ ಒಗ್ಗಿದ ಮನಸ್ಸಿಗೆ ದೇವತ್ವವನ್ನು ಹೀಗೆ ದುಡಿದು ಸಂಪಾದಿಸುವುದು ಅಪಚಾರವೆನ್ನಿಸೀತು, ನಮಗೆ ಹಾಗೆನ್ನಿಸಬೇಕಾಗಿಲ್ಲ. ಇಂದ್ರನೆಂಬುದು ನಮ್ಮಲ್ಲಿ ಒಂದು ಪದವಿ. ನೂರು ಯಾಗಗಳ ಬಲದಿಂದ ಏರಬಹುದಾದುದು, ಮನ್ವಂತರದ ಅವಧಿ ಮುಗಿದರೆ ಇಳಿಯಬೇಕಾದುದು. ಪಾತಾಳಕ್ಕಿಳಿದ ಬಲಿಯು ಮುಂದಿನ ಮನ್ವಂತರದಲ್ಲಿ ಅದೇ ಸಿಂಹಾಸನದಲ್ಲಿ ಕೂರುವನೆಂದು ಭಾಗವತ ಹೇಳುತ್ತದೆ. ಮನುಷ್ಯನಾದ ನಹುಷನು ಆ ಪದವಿಯನ್ನೇರಿ, ಅಧಿಕಾರದ ಅಮಲಿನಲ್ಲಿ ಋಷಿಗಳ ಹೆಗಲಿಗೆ ಪಲ್ಲಕ್ಕಿಯನ್ನು ಹೊರಿಸಿ, ಹೆಬ್ಬಾವಾಗಿ ಬಿದ್ದನು. ಆಟಗಾರನಾಗಿದ್ದು ಮಂತ್ರವಾದಿಯಾದವನ ಮುಂದೆ ಇರುವುದು ನಹುಷನ ಪರೀಕ್ಷೆಯೇ.

ಇನ್ನು ವ್ಯಾಪಾರ. ಎಸೆಕ್ಸಿನಲ್ಲಿ ಆಟ ಪುಕ್ಕಟೆಯಾಗಿತ್ತು. ಆದರೆ 1980ರ ದಶಕದ ನಡುವಿಗೇ ಅಕ್ಷರಲೋಕಗಳಿಗೆ ಬಾಡಿಗೆ ನಿಗದಿಯಾಯಿತು. ಅಮೆರಿಕದ ಕಂಪ್ಯುಸರ್ವ್ ಸಂಸ್ಥೆಯ ಜಾಲದಲ್ಲಿ 1985ರಲ್ಲಿ ತೆರೆದ ‘ಐಲೆಂಡ್ ಆಫ್ ಕೆಸ್ಮಾಯ್’ ಎಂಬ ಆಟವನ್ನು ಆಡುವವನು ನಿಧಾನದ ಸಂಪರ್ಕವಾದರೆ ಗಂಟೆಗೆ 6 ಡಾಲರುಗಳನ್ನೂ ವೇಗದ್ದಾದರೆ 12 ಡಾಲರುಗಳನ್ನೂ ತೆರಬೇಕಾಗಿತ್ತು. ಅದೇ ಜಾಲದಲ್ಲಿ ‘ಬ್ರಿಟಿಷ್ ಲೆಜೆಂಡ್ಸ್’ ಎಂಬ ಹೆಸರಿನಿಂದ ನಡೆದ ಎಸೆಕ್ಸಿನ ಲೋಕವು 1999ರಲ್ಲಿ ಮುಚ್ಚಿತು. ಮಿಸ್ಸೂರಿ ರಾಜ್ಯದ ಸಿಮ್ಯುಟ್ರಾನಿಕ್ಸ್ ಸಂಸ್ಥೆಯ ‘ಜೆಮ್‌ಸ್ಟೋನ್’ ಮೊದಲು ಜೀನೀ ಜಾಲದಲ್ಲಿಯೂ ಆಮೇಲೆ ಅಮೆರಿಕ ಆನ್‌ಲೈನ್ ಸಂಸ್ಥೆಯ ಜಾಲದಲ್ಲಿಯೂ ಬೆಳೆಯಿತು; 1996ರ ಡಿಸೆಂಬರಿನಲ್ಲಿ ಅಮೆರಿಕ ಆನ್‌ಲೈನ್ ಸಂಸ್ಥೆ ಗಂಟೆಯ ಲೆಕ್ಕವನ್ನು ಬಿಟ್ಟು ತಿಂಗಳಿಗೆ 19.95 ಡಾಲರುಗಳ ಒಂದೇ ದರವನ್ನಿಟ್ಟಾಗ, ಆಟಗಾರನ ಕಾಲವನ್ನು ಗಂಟೆಗಂಟೆಯಾಗಿ ಮಾರುತ್ತಿದ್ದ ಹಳೆಯ ವ್ಯಾಪಾರದ ಬುಡವೇ ಅಲುಗಿತು. ಇದಕ್ಕೆ ಎದುರಾಗಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಐವರು ತರುಣರು 1991ರ ಸುಮಾರಿಗೆ ‘ಡಿಕುಮಡ್’ ಎಂಬ ಆಟವನ್ನು ಕಟ್ಟಿ, ಅದರ ಮೂಲಬರಹವನ್ನು ಲೋಕಕ್ಕೆ ಉಚಿತವಾಗಿ ಕೊಟ್ಟು, ಇದರಿಂದ ಯಾರೂ ಯಾವ ಬಗೆಯ ಲಾಭವನ್ನೂ ಪಡೆಯಕೂಡದೆಂದು ಷರತ್ತು ವಿಧಿಸಿದರು. ಆ ಷರತ್ತನ್ನು ಮೀರಿದರೆಂಬ ಆರೋಪಗಳು ಹಲವರ ಮೇಲೆ ಬಂದುವು. ಅತ್ಯಂತ ಪ್ರಸಿದ್ಧವಾದ ಚಿತ್ರದಾಟಗಳಲ್ಲಿ ಒಂದಾದ ‘ಎವರ್‌ಕ್ವೆಸ್ಟ್’ನ ಕರ್ತೃಗಳು, ತಾವು ಡಿಕುಮಡ್ಡಿನ ಬರಹವನ್ನು ಬಳಸಿಲ್ಲವೆಂದು 2000ದಲ್ಲಿ ಪ್ರಮಾಣಪತ್ರವನ್ನೇ ಬರೆದುಕೊಡಬೇಕಾಯಿತು.

ಆದರೆ ನನ್ನ ಪ್ರಶ್ನೆಗೆ ಹತ್ತಿರವಾದುದು ಇನ್ನೊಂದು ಬಗೆಯ ವ್ಯಾಪಾರ. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮ್ಯಾಟ್ ಮಿಹಾಲಿ ಎಂಬವರು ‘ಅಕೇಯ’ ಎಂಬ ಅಕ್ಷರಲೋಕವನ್ನು ತೆರೆದರು. ಒಳಕ್ಕೆ ಬರಲು ಅಲ್ಲಿ ಹಣ ಬೇಕಾಗಿಲ್ಲ. ಆದರೆ ಅಲ್ಲಿನ ಮಾಂತ್ರಿಕ ಆಯುಧಾಭರಣಗಳನ್ನು ಅವರು ನಿಜವಾದ ಡಾಲರುಗಳಿಗೆ ಹರಾಜುಹಾಕಿದರು, ತರುವಾಯ ಹಣಕೊಟ್ಟು ಕೊಳ್ಳುವ ‘ಕ್ರೆಡಿಟ್’ಗಳಿಂದ ವಿದ್ಯೆಯನ್ನೂ ಶಕ್ತಿಯನ್ನೂ ಪಡೆಯುವ ಏರ್ಪಾಟನ್ನು ಮಾಡಿದರು. ಇಂದು ಪ್ರತಿಯೊಬ್ಬನ ಕೈಯಲ್ಲಿರುವ ಫೋನಿನ ಆಟಗಳಲ್ಲಿ ಬಹಳಷ್ಟು ಬದುಕಿರುವುದು ಈ ಉಪಾಯದಿಂದ. ಅದನ್ನು ಮೊದಲಿಗೆ ನಡೆಯಿಸಿ ತೋರಿಸಿದವುಗಳಲ್ಲಿ ಈ ಬರಿಯ ಅಕ್ಷರಗಳ ಲೋಕವೂ ಒಂದು. ಅಲ್ಲಿ ದೇವತೆಗಳಿದ್ದಾರೆ, ಅವರವರ ಪಂಥಗಳಿವೆ, ಗುಡಿಗಳಿವೆ. ಭಕ್ತರು ಬೇಟೆಯಾಡಿದ ಪ್ರಾಣಿಗಳ ಕಳೇಬರಗಳನ್ನು ಗುಡಿಯಲ್ಲಿ ಒಪ್ಪಿಸಿದರೆ ದೇವತೆಗೆ ಸತ್ತ್ವ ಹೆಚ್ಚುತ್ತದೆ. ಯಜ್ಞದಿಂದ ದೇವತೆಗಳೂ ದೇವತೆಗಳಿಂದ ಮನುಷ್ಯರೂ ಪರಸ್ಪರ ಪೋಷಿತರಾಗಬೇಕೆಂದು ಕೃಷ್ಣನು ಅರ್ಜುನನಿಗೆ ಹೇಳಿದ ಚಕ್ರ ಇಲ್ಲಿ ಅಕ್ಷರಶಃ ತಿರುಗುತ್ತಿದೆ. ದೇವತೆಯ ಪಾತ್ರವನ್ನು ಧರಿಸಿದವನು ಆಟವನ್ನು ನಡೆಯಿಸುವವರ ಬಳಗದ ಒಬ್ಬ ಮನುಷ್ಯ; ಭಕ್ತನಿಗೆ ಅದು ಚೆನ್ನಾಗಿ ಗೊತ್ತು; ಆದರೂ ದೇವತೆಯ ಒಂದು ನುಡಿಗಾಗಿ ಅವನು ತಿಂಗಳುಗಟ್ಟಲೆ ಸೇವೆಮಾಡುತ್ತಾನೆ. ಇದನ್ನು ಮೌಢ್ಯವೆಂದು ತಳ್ಳುವುದು ಸುಲಭ. ನನಗೆ ಕಾಣುವ ತೊಡಕು ಭಕ್ತನ ಕಡೆಯದಲ್ಲ, ದೇವತೆಯ ಕಡೆಯದು. ನಮ್ಮ ಮತಗಳಲ್ಲಿ ಈಶ್ವರನು ಆಪ್ತಕಾಮ. ಜೀವನು ಈ ಸಂಸಾರವನ್ನು ಬಿಟ್ಟುಹೋದರೆ ಅವನಿಗೆ ಯಾವ ನಷ್ಟವೂ ಇಲ್ಲವಾದುದರಿಂದಲೇ ಅವನು ಮೋಕ್ಷಪ್ರದನಾಗಬಲ್ಲನು. ಭಕ್ತರ ರಾಗದಿಂದಲೇ ಜೀವನವೃತ್ತಿ ನಡೆಯಬೇಕಾದ ಈಶ್ವರನು ಏನನ್ನು ಕೊಟ್ಟರೂ ಬಿಡುಗಡೆಯನ್ನು ಮಾತ್ರ ಮನಸಾರೆ ಕೊಡಲಾರನು. ಮಿಹಾಲಿಯವರನ್ನೋ ಇನ್ನಾರನ್ನೋ ದೂಷಿಸಲು ಈ ಮಾತು ಹೇಳಲಿಲ್ಲ. ಲೋಕವನ್ನು ಸೃಷ್ಟಿಸಿ ಅದರಿಂದ ಜೀವಿಸಬೇಕಾದವನ ಸ್ಥಿತಿಯೇ ಅಂಥದು.

ಈಗ ಆ ಲೋಕದೊಳಗಿನ ಕರ್ಮದ ಪ್ರಶ್ನೆ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ಎಂಬವರು 1990ರಲ್ಲಿ ‘ಲ್ಯಾಂಬ್ಡಾಮೂ’ ಎಂಬ ಅಕ್ಷರಲೋಕವನ್ನು ಸ್ಥಾಪಿಸಿದರು. ಅಲ್ಲಿ ಕೊಲ್ಲಬೇಕಾದ ಭೂತಗಳಿಲ್ಲ, ಗಳಿಸಬೇಕಾದ ಅಂಕಗಳಿಲ್ಲ. ಕರ್ಟಿಸರ ಸ್ವಂತ ಮನೆಯ ಮಾದರಿಯಲ್ಲಿ ಕಟ್ಟಿದ ಒಂದು ಮನೆ, ಅದಕ್ಕೆ ಬಂದವರು ತಾವೂ ಕೋಣೆಗಳನ್ನು ಕಟ್ಟಿ ಸೇರಿಸಬಹುದು, ಮಾತಾಡುತ್ತ ಕಾಲಕಳೆಯಬಹುದು. 1993ರ ಮಾರ್ಚ್ ತಿಂಗಳ ಒಂದು ರಾತ್ರಿ, ಮಿಸ್ಟರ್ ಬಂಗಲ್ ಎಂಬ ವೇಷಧಾರಿಯು ಆ ಮನೆಯ ಪಡಸಾಲೆಗೆ ಬಂದು, ಮಾಟದ ಬೊಂಬೆಯೆಂಬ ಒಂದು ಉಪಕರಣದ ಬಲದಿಂದ, ಅಲ್ಲಿದ್ದ ಬೇರೆಯವರು ಮಾಡದ ಕೃತ್ಯಗಳನ್ನು ಅವರೇ ಮಾಡುತ್ತಿರುವಂತೆ ಬರೆದು, ಎಲ್ಲರೆದುರು ಅವರ ಮೇಲೆ ಅತ್ಯಂತ ಹೇಯವಾದ ಲೈಂಗಿಕ ಹಿಂಸೆಯನ್ನು ನಡೆಯಿಸಿದನು. ನಡೆದದ್ದೆಲ್ಲ ವಾಕ್ಯಗಳು. ಯಾರ ಮೈಯನ್ನೂ ಯಾರೂ ಮುಟ್ಟಲಿಲ್ಲ. ಮರುದಿನ ಪೀಡಿತರಲ್ಲಿ ಒಬ್ಬಾಕೆ ಆ ಲೋಕದ ಜನರಿಗೆ ತನ್ನ ದೂರನ್ನು ಬರೆಯುವಾಗ ಕಣ್ಣೀರು ಹರಿಯುತ್ತಿತ್ತೆಂದು ಆಮೇಲೆ ಹೇಳಿಕೊಂಡದ್ದನ್ನು ಜೂಲಿಯನ್ ಡಿಬೆಲ್ ಅವರು ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯ ಪ್ರಸಿದ್ಧ ಲೇಖನದಲ್ಲಿ ದಾಖಲಿಸಿದ್ದಾರೆ.

ಆ ಕಣ್ಣೀರು ಸತ್ಯವೋ ಮಿಥ್ಯೆಯೋ? ಆಟವೆಂದರೆ ಆಟ, ಯಂತ್ರವನ್ನು ಆರಿಸಿ ಎದ್ದುಹೋಗಬಾರದಾಗಿತ್ತೆ ಎನ್ನುವವನು ತಾನು ಅದ್ವೈತಿಯೆಂದು ತಿಳಿದಿರಬಹುದು. ಆದರೆ ಶಂಕರರು ಅಷ್ಟು ಅವಸರದವರಲ್ಲ. ಸ್ವಪ್ನದ ಪದಾರ್ಥಗಳು ಮಾಯಾಮಾತ್ರವೆಂದು ಅವರು ಹೇಳುವುದು ನಿಜ. ಆದರೆ ಕನಸಿನಲ್ಲಿ ಹಾವು ಕಚ್ಚಿದುದು ಸುಳ್ಳಾದರೂ ಕಚ್ಚಿತೆಂಬ ಅರಿವು ಸುಳ್ಳಲ್ಲ, ಎಚ್ಚತ್ತವನು ಹಾವನ್ನು ಅಲ್ಲಗಳೆದಾನೇ ಹೊರತು ಆ ಅರಿವನ್ನು ಅಲ್ಲಗಳೆಯಲಾರನು ಎಂದು ಅವರೇ ಬೇರೊಂದೆಡೆ, ಎರಡನೆಯ ಅಧ್ಯಾಯದ ಭಾಷ್ಯದಲ್ಲಿ, ಸ್ಪಷ್ಟವಾಗಿ ಒಪ್ಪಿದ್ದಾರೆ. ಯೋಗವಾಸಿಷ್ಠದ ಲವಣರಾಜನು ಐಂದ್ರಜಾಲಿಕನ ನವಿಲುಗರಿಯ ಬೀಸಿಗೆ ಮೈಮರೆತು, ಆಸ್ಥಾನದಲ್ಲಿ ಕುಳಿತಂತೆಯೇ ಎರಡು ಮುಹೂರ್ತಗಳಲ್ಲಿ ಬೇರೊಂದು ಬಾಳನ್ನು, ಹೆಂಡತಿಮಕ್ಕಳನ್ನು, ಬರಗಾಲವನ್ನು ಅನುಭವಿಸಿ ಎಚ್ಚತ್ತಮೇಲೆ, ಅದು ಜಾಲವೆಂದು ನಕ್ಕು ಸುಮ್ಮನಾಗಲಿಲ್ಲ. ವಿಂಧ್ಯದ ಕಾಡಿಗೆ ಹೋಗಿ ಆ ಊರನ್ನು ಹುಡುಕಿದನು, ಮತ್ತು ಅದು ಅಲ್ಲಿತ್ತು. ರಾಮಾನುಜರು ಸ್ವಪ್ನವಸ್ತುಗಳನ್ನು ಪರಮಪುರುಷನೇ ಆ ಒಬ್ಬ ಜೀವನ ಅಲ್ಪಕರ್ಮಗಳ ಫಲಭೋಗಕ್ಕಾಗಿ ನಿರ್ಮಿಸಿಕೊಡುತ್ತಾನೆನ್ನುತ್ತಾರೆ. ಹಲವರು ಕೂಡಿ ಕಾಣುವ ಕನಸಿಗೆ ಅದನ್ನು ಹೊಂದಿಸುವುದು ಕಷ್ಟ.

ನನಗೆ ಈ ಲೋಕದ ವಿಷಯದಲ್ಲಿ ಹೆಚ್ಚು ಒಪ್ಪಿಗೆಯಾಗುವುದು ಉಡುಪಿಯ ಆಚಾರ್ಯರ ಪಕ್ಷ. ಸ್ವಪ್ನದ ವಸ್ತುಗಳು ವಾಸನೆಗಳೆಂಬ ಉಪಾದಾನದಿಂದ ಈಶ್ವರೇಚ್ಛೆಗೆ ಅನುಗುಣವಾಗಿ ಆದ ಸತ್ಯವಸ್ತುಗಳೇ. ಅವುಗಳನ್ನು ಜಾಗ್ರತ್ತಿನ ವಸ್ತುಗಳೆಂದು ತಿಳಿಯುವುದಿದೆಯಲ್ಲ, ಭ್ರಾಂತಿ ಅದೊಂದೇ ಎಂದು ಮಧ್ವಮತ. ಮಡ್ಡಿನ ಕತ್ತಿಯನ್ನು ಉಕ್ಕಿನ ಕತ್ತಿಯೆಂದು ತಿಳಿದರೆ ಭ್ರಾಂತಿ. ಮಾತಿನ ಕತ್ತಿಯೆಂದು ತಿಳಿದರೆ ಅದು ಸತ್ಯವಾದ ಮಾತಿನ ಕತ್ತಿ. ಅಲ್ಲಿ ಭೂತವನ್ನು ಕೊಂದವನಿಗೆ ಪ್ರಾಣಿಹಿಂಸೆಯ ಪಾಪವಿಲ್ಲ, ಏಕೆಂದರೆ ಭೂತಕ್ಕೆ ನೋಯುವ ಮನಸ್ಸಿಲ್ಲ. ಆದರೆ ಮನುಷ್ಯನಿಗೆ ಆಡಿದ ಮಾತು ಎಲ್ಲಿ ಆಡಿದರೂ ಮನುಷ್ಯನಿಗೆ ಆಡಿದ ಮಾತೇ. ಕಾಯಾ ವಾಚಾ ಮನಸಾ ಎಂದು ಕರ್ಮವನ್ನು ಮೂರಾಗಿ ಎಣಿಸಿದ ನಮ್ಮವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಕಾಯವನ್ನು ಪೂರ್ತಿಯಾಗಿ ಕಳೆದು, ವಾಕ್ಕೊಂದನ್ನೇ ಉಳಿಸಿಕೊಂಡ ಲೋಕದಲ್ಲಿ ವಾಚಿಕಕರ್ಮಕ್ಕೆ ಕಾಯಿಕಕರ್ಮದ ಭಾರವೂ ಬಂದು ಕೂಡಿದೆ, ಅಷ್ಟೆ. ಬಂಗಲನ ವೇಷವನ್ನು ಧರಿಸಿದ್ದವನು ಸ್ವಲ್ಪ ಕಾಲದ ಮೇಲೆ ಡಾಕ್ಟರ್ ಜೆಸ್ಟ್ ಎಂಬ ಹೊಸ ಹೆಸರಿನಿಂದ ಅದೇ ಲೋಕಕ್ಕೆ ಬಂದನು. ಹಳೆಯ ಕರ್ಮದ ಹೊರೆಯಿಲ್ಲದೆ ಪಡೆಯಬಹುದಾದ ಇಂಥ ಪುನರ್ಜನ್ಮವನ್ನು ಯಾವ ಶಾಸ್ತ್ರಕಾರನೂ ಊಹಿಸಿರಲಿಲ್ಲ. ಇದು ಕನಸಿನ ದೋಷವಲ್ಲ, ಈಶ್ವರರ ಲೆಕ್ಕಪತ್ರದ ದೋಷ.

ಆ ಈಶ್ವರರ ವರ್ತನೆಯೇ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ವಿಚಾರಾರ್ಹವಾಗಿ ತೋರುತ್ತದೆ. ಈ ಪ್ರಕರಣಕ್ಕೆ ಮೂರು ತಿಂಗಳು ಮೊದಲು, 1992ರ ಡಿಸೆಂಬರಿನಲ್ಲಿ, ಕರ್ಟಿಸರು ತಾವೂ ಅಲ್ಲಿಯೂ ಮಂತ್ರವಾದಿಗಳೆಂದೇ ಕರೆಯಿಸಿಕೊಳ್ಳುತ್ತಿದ್ದ ಇತರ ಅಧಿಕಾರಿಗಳೂ ಇನ್ನು ಮುಂದೆ ಜನರ ಜಗಳಗಳಲ್ಲಿ ತೀರ್ಪು ಕೊಡುವುದಿಲ್ಲವೆಂದೂ, ಯಂತ್ರ ನಡೆಯುವಂತೆ ನೋಡಿಕೊಳ್ಳುವ ಕೆಲಸಗಾರರಾಗಿ ಮಾತ್ರ ಇರುವೆವೆಂದೂ ಸಾರಿದ್ದರು. ಜೀವರ ಕರ್ಮವನ್ನು ಅನುಸರಿಸಿಯೇ ಸೃಷ್ಟಿ ನಡೆಯುವುದರಿಂದ ಈಶ್ವರನಿಗೆ ಪಕ್ಷಪಾತದ ದೋಷವೂ ಕ್ರೌರ್ಯದ ದೋಷವೂ ಇಲ್ಲವೆಂದು ಸೂತ್ರಕಾರರು ಸಾಧಿಸುವರಷ್ಟೆ. ಈ ಲೋಕದ ಒಡೆಯರು ಬಯಸಿದುದು ಅದೇ ನಿರ್ಲೇಪವನ್ನು. ಆದರೆ ಅವರ ಲೋಕದಲ್ಲಿ ಕರ್ಮ ತಾನಾಗಿ ಫಲಿಸುವಂತಿರಲಿಲ್ಲ; ಫಲಿಸಬೇಕಾದರೆ ಯಾರಾದರೊಬ್ಬ ಮಂತ್ರವಾದಿಯ ಕೈ ಆಡಬೇಕಾಗಿತ್ತು. ಬಂಗಲನ ವಿಷಯದಲ್ಲಿ ಸಭೆ ಸೇರಿ ಗಂಟೆಗಟ್ಟಲೆ ಚರ್ಚಿಸಿದರೂ ನಿರ್ಣಯವಾಗದೆ, ಕೊನೆಗೆ ಮಂತ್ರವಾದಿಗಳಲ್ಲಿ ಒಬ್ಬನು ತನ್ನೊಬ್ಬನ ಹೊಣೆಯ ಮೇಲೆ, ಯಾರ ಅಪ್ಪಣೆಯನ್ನೂ ಕೇಳದೆ, ಆ ಪಾತ್ರವನ್ನು ಅಳಿಸಿಹಾಕಿದನು. ಆ ಹೊತ್ತಿನಲ್ಲಿ ಅಲ್ಲಿರದೆ ಆಮೇಲೆ ಹಿಂದಿರುಗಿ ಬಂದ ಕರ್ಟಿಸರು ಅರ್ಜಿಗಳಿಂದಲೂ ಮತದಾನದಿಂದಲೂ ಜನರೇ ತಮ್ಮನ್ನು ಆಳಿಕೊಳ್ಳುವ ಪದ್ಧತಿಯನ್ನು ಸ್ಥಾಪಿಸಿದರು: ಜನ ಗೆಲ್ಲಿಸಿದುದನ್ನು ಮಂತ್ರವಾದಿಗಳು ನಡೆಯಿಸಿಕೊಡತಕ್ಕದ್ದು.

ಆ ಪದ್ಧತಿ ಹಾಗೆಯೇ ಬಹುಕಾಲ ನಿಲ್ಲಲಿಲ್ಲ. ಅರ್ಜಿ ಮತಕ್ಕೆ ಹೋಗುವ ಮೊದಲು ಅದು ಸಾಧ್ಯವೇ, ಸುರಕ್ಷಿತವೇ ಎಂದು ಪರಿಶೀಲಿಸಬೇಕಾದವರು ಮಂತ್ರವಾದಿಗಳೇ. ಗೆದ್ದ ಅರ್ಜಿಯ ಅರ್ಥವೇನೆಂದು ತಿಳಿದು ಅದನ್ನು ಯಂತ್ರದ ಭಾಷೆಯಲ್ಲಿ ಬರೆಯಬೇಕಾದವರೂ ಅವರೇ. ಹೀಗಾಗಿ ಕೇವಲ ಯಂತ್ರದ ಕೆಲಸವೆಂದು ಕೈಹಾಕಿದ ಪ್ರತಿಯೊಂದರಲ್ಲಿಯೂ ಒಬ್ಬರ ಪರವಾಗಿಯೂ ಇನ್ನೊಬ್ಬರ ವಿರುದ್ಧವಾಗಿಯೂ ಒಂದು ತೀರ್ಪು ಅಡಗಿಯೇ ಇರುತ್ತಿತ್ತು. 1996ರ ಮೇ ತಿಂಗಳಲ್ಲಿ ಮಂತ್ರವಾದಿಗಳು ಮತ್ತೊಂದು ಪ್ರಕಟಣೆಯನ್ನು ಹೊರಡಿಸಿ, ಯಂತ್ರದ ನಿರ್ಣಯ ಬೇರೆ ಸಮಾಜದ ನಿರ್ಣಯ ಬೇರೆ ಎಂದು ತಾವು ಎಳೆದ ಗೆರೆ ನಿಲ್ಲುವಂಥದಲ್ಲವೆಂದೂ, ತಾವು ಈ ಕಾಲದಲ್ಲೆಲ್ಲ ಬೇಡವೆಂದರೂ ತೀರ್ಪು ಕೊಡುತ್ತಲೇ ಇದ್ದೆವೆಂದೂ ಒಪ್ಪಿ, ಇನ್ನು ಮೇಲೆ ಅವಶ್ಯವಾದಾಗ ತೀರ್ಪು ಕೊಡುವೆವೆಂದು ತಿಳಿಸಿದರು. ಈಶ್ವರರಾದ ಮೇಲೆ ಸಾಕ್ಷಿಮಾತ್ರರಾಗಿ ಉಳಿಯಲು ಅವರು ಮೂರೂವರೆ ವರ್ಷ ಮಾಡಿದ ಪ್ರಯತ್ನ ಹೀಗೆ ಮುಗಿಯಿತು. ಆ ಪ್ರಕಟಣೆಯನ್ನು ವಿರೋಧಿಸಿದವರೂ ಅಲ್ಲಿ ಕಡಮೆಯಿರಲಿಲ್ಲ, ಮತ್ತು ಅವರು ತಮ್ಮ ವಿರೋಧವನ್ನು ಸಲ್ಲಿಸಬೇಕಾದುದೂ ಅದೇ ಮಂತ್ರವಾದಿಗಳ ಮುಂದೆಯೇ ಆಗಿತ್ತು.